ವಾತಸಾರವೋ ವಾರಿಸಾರವೋ

ಉದರದ ಒಳಗನ್ನು ತೋರಿಸಿಕೊಳ್ಳುವುದೆಂದರೆ ನಮ್ಮ ಗೃಹಸ್ಥರಿಗೆ ರೋಗದ ಭೀತಿಗಿಂತ ಲಜ್ಜೆಯೇ ಹಿರಿದು. ಕುಣಿಗಲಿನಲ್ಲಿರುವ ನಮ್ಮ ಭಾವಮೈದುನರಿಗೆ ಮೂರು ತಿಂಗಳಿಂದ ಮಲದೊಡನೆ ರಕ್ತ ಹೋಗುತ್ತಿದ್ದಿತು. ವೈದ್ಯರು ಕೊಲನೋಸ್ಕೋಪಿ ಆಗತಕ್ಕದ್ದೆಂದರೂ, ಅದಕ್ಕೆ ಮೂಲವ್ಯಾಧಿಯೆಂದು ತಾವೇ ಹೆಸರಿಟ್ಟುಕೊಂಡು ಸುಮ್ಮನಿದ್ದರು. ಇದಕ್ಕೆ ಕಾರಣ ಗುಬ್ಬಿಯಿಂದ ಬಂದ ಸುದ್ದಿ. ಅಲ್ಲಿರುವ ನಮ್ಮ ಅಣ್ಣನವರ ಮಗನು ಎಲ್ಲಿಯೋ ಈ ಪರೀಕ್ಷೆ ಮಾಡಿಸಿಕೊಂಡು, ಸಂಜೆಯವರೆಗೂ ಹೊಟ್ಟೆಯುಬ್ಬರದಿಂದ ಹೊರಳಾಡಿದನಂತೆ. "ಹಾರ್ಮೋನಿಯಮ್ಮಿನ ತಿದಿಯ ಹಾಗೆ ಊದುತ್ತಾರಂತಲ್ಲ ಭಾವನವರೇ!" ಎಂದು ಇವರ ಪ್ರಶ್ನೆ. ನಾಟಕಕ್ಕೆ ಹೆಸರಾದ ಊರಿನ ಸುದ್ದಿಗೆ ಕೊಂಚ ಬಣ್ಣ ಹತ್ತುವುದು ಸಹಜ. ಆದರೂ ಮಾತು ಪೂರ್ತಿ ಸುಳ್ಳಲ್ಲ.

ದೊಡ್ಡ ಕರುಳು ಸುಮಾರು 5 ಅಡಿ ಉದ್ದದ, ಮಡಿಕೆಮಡಿಕೆಯಾದ ನಾಳ. ಖಾಲಿಯಿರುವಾಗ ಅದರ ಗೋಡೆಗಳು ಕೂಡಿಕೊಂಡಿರುವುವು. ಅಗಲಿಸದ ಹೊರತು ಏನೂ ಕಾಣದು. ಅಗಲಿಸಲು ಬಹುಕಾಲ ಕೋಣೆಯ ಗಾಳಿಯನ್ನೇ ಊದುತ್ತಿದ್ದರು. ಹಲವೆಡೆ ಈಗಲೂ ಊದುವರು. ಗಾಳಿಯ ಬಹುಭಾಗವಾದ ಸಾರಜನಕವನ್ನು ಕರುಳು ಬೇಗನೆ ಹೀರದಾದ್ದರಿಂದಲೇ ಆ ಉಬ್ಬರ. ಅದಕ್ಕೆ ಬದಲಾಗಿ, ಸೋಡಾನೀರಿನಲ್ಲಿ ಗುಳ್ಳೆಯೇಳುವ ಅಂಗಾರಾಮ್ಲವಾಯುವನ್ನು ತುಂಬಿದರೆ, ಕರುಳು ಅದನ್ನು ಶೀಘ್ರವಾಗಿ ರಕ್ತಕ್ಕೆ ಒಪ್ಪಿಸುವುದು, ಶ್ವಾಸಕೋಶವು ಹೊರಗೆ ಬಿಡುವುದು. ನೋಟ ಅದೇ, ಬಾಧೆ ಕಡಮೆ. ಶ್ವಾಸಕೋಶದ ಕಾಯಿಲೆಯುಳ್ಳವರು ಮಾತ್ರ ಮೊದಲೇ ತಿಳಿಸತಕ್ಕದ್ದು.

ಕಳೆದ ವರ್ಷ ತುಮಕೂರಿನಲ್ಲಿ ನಮಗಾದದ್ದು ಜಲದ ಕ್ರಮ. ನಳಿಕೆ ಒಳಹೋಗುವಾಗ ಗಾಳಿಯನ್ನು ನಿಲ್ಲಿಸಿ, ಬೆಚ್ಚನೆಯ ನೀರನ್ನು ಬಿಡುತ್ತ, ಕದಡಿದ ನೀರನ್ನು ಹೀರುತ್ತ ಮುಂದೆ ಸಾಗುವರು. ಕರುಳು ಉಬ್ಬಿ ಉದ್ದವಾಗದ ಕಾರಣ ನೋವು ಅಲ್ಪ. ನಾವು ಎಚ್ಚರವಾಗಿಯೇ ಇದ್ದೆವು. ಒಳಮೈಯೂ ತೊಳೆದಂತಾಗುವುದರಿಂದ, ಮುಂದೆ ಅರ್ಬುದವಾಗಬಲ್ಲ ಸಣ್ಣ ಗಂಟುಗಳು ಹೆಚ್ಚಾಗಿ ಕಣ್ಣಿಗೆ ಬೀಳುವುವೆಂದು ಹಲವು ದೇಶಗಳ ವೈದ್ಯರು ಹೋಲಿಸಿ ನೋಡಿ ಕಂಡುಕೊಂಡಿದ್ದಾರೆ. ವೇಳೆ ಮಾತ್ರ ಹೆಚ್ಚು ಹಿಡಿಯುವುದು. ಆದರೆ ಹಿಂದಿರುಗುವಾಗ ವಾಯುವನ್ನೇ ತುಂಬಿ ಮಡಿಕೆಗಳನ್ನು ಬಿಡಿಸಿ ನೋಡಿದರು. ಈ ಹಿಂದಿರುಗುವಿಕೆಗೆ 6 ನಿಮಿಷಕ್ಕೆ ಕಡಮೆಯಿರಬಾರದೆಂಬುದು ಅವರಲ್ಲಿ ರೂಢಿಯಾದ ನಿಯಮ. ಹಾಗೆ ನೋಡುವಾಗಲೇ ಹೆಸರುಕಾಳಿನಷ್ಟು ಗಂಟೊಂದು ಸಿಕ್ಕಿತು. ಅಲ್ಲಿಯೇ ಕತ್ತರಿಸಿ ತೆಗೆದರು. ನಮಗೆ ತಿಳಿಯಲೂ ಇಲ್ಲ. ಆದ್ದರಿಂದ ಜಲ ಮೇಲೋ ವಾಯು ಮೇಲೋ ಎಂಬ ವಾದಕ್ಕಿಂತ, ಹೋಗುವಾಗ ಅದು, ಬರುವಾಗ ಇದು ಎಂಬುದೇ ನಮಗೆ ಯುಕ್ತವಾಗಿ ತೋರುವುದು.

ಘೇರಂಡಸಂಹಿತೆಯಲ್ಲಿ ವಾತಸಾರ, ವಾರಿಸಾರವೆಂದು ಎರಡು ಅಂತಶ್ಶುದ್ಧಿಗಳುಂಟು. ಅವು ಶೋಧನಕ್ಕೆ, ಇವು ದರ್ಶನಕ್ಕೆ. ಎಲ್ಲವೂ ನಮ್ಮ ಹಿಂದಿನವರಲ್ಲಿಯೇ ಇದ್ದಿತೆನ್ನುವವರ ಪಂಕ್ತಿಯಲ್ಲಿ ನಾವು ಕೂರಲಾರೆವು.

ಭಾವಮೈದುನರಿಗೆ ನಾವು ಹೇಳಿದ್ದು ಅವರೂರಿನ ದೊಡ್ಡಕೆರೆಯ ಮಾತು: ತಳದಲ್ಲಿ ಕೆಸರೆದ್ದರೆ ಎಷ್ಟು ನೀರಿದ್ದೇನು, ಕಲ್ಲು ಕಂಡೀತೇ? ಭೇದಿಯ ಔಷಧದ ನೀರನ್ನು ಹಿಂದಿನ ಸಂಜೆ ಅರ್ಧ, ಅಂದಿನ ಬೆಳಗ್ಗೆ ಅರ್ಧ, ಬಿಡದೆ ಕುಡಿಯಬೇಕು. ಒಪ್ಪಿದ್ದಾರೆ. ಯಾವ ವಾಯು ಊದುವಿರಿ, ನೀರಿನ ಕ್ರಮವುಂಟೇ ಎಂದು ಕೇಳಲು ಚೀಟಿಯನ್ನೂ ಬರೆದಿಟ್ಟುಕೊಂಡಿದ್ದಾರೆ. ಗುರುವಾರ ಪರೀಕ್ಷೆ. ಬುಧವಾರ ಮಧ್ಯಾಹ್ನಕ್ಕೇ ನಮ್ಮ ಮನೆಗೆ ಬಂದುಬಿಡಿರೆಂದು ತಿಳಿಸಿದ್ದೇವೆ. ಆ ಔಷಧ ಕುಡಿದು ಕುಣಿಗಲಿನಿಂದ ಬಸ್ಸಿನಲ್ಲಿ ಬರುವ ಸಾಹಸ ಯಾರಿಗೂ ಬೇಡ.