ಹನ್ನೊಂದು ನಿಮಿಷಗಳ ಕನ್ನಡಿ

2001ರ ಸೆಪ್ಟೆಂಬರ್ 11ರ ಮಂಗಳವಾರವನ್ನು ಅಮೆರಿಕದಲ್ಲಿ ಆಗ ನೆಲೆಸಿದ್ದ ಕನ್ನಡಿಗರಾರೂ ಮರೆತಿರಲಾರರು. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಟಿ.ವಿ. ಅಂದು ಆರಲೇ ಇಲ್ಲ. ಕುಸಿಯುವ ಗೋಪುರಗಳನ್ನು ಮತ್ತೆ ಮತ್ತೆ ನೋಡಿದೆವು. ನೋಡಿದಷ್ಟೂ ಮನಸ್ಸು ಮರಗಟ್ಟಿತೇ ವಿನಾ ಹಗುರಾಗಲಿಲ್ಲ.

ನಮ್ಮ ಎದುರು ಮನೆಯಲ್ಲಿ ಪಾಕಿಸ್ತಾನದಿಂದ ಬಂದ ಕುಟುಂಬವೊಂದಿತ್ತು. ಯುಗಾದಿಗೆ ನಮ್ಮ ಮನೆಯ ಹೋಳಿಗೆ ಅಲ್ಲಿಗೆ, ಈದ್‌ಗೆ ಅವರ ಶಾವಿಗೆ ಪಾಯಸ ಇಲ್ಲಿಗೆ. ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿಯವರನ್ನು, ಪೇಟ ಮತ್ತು ಗಡ್ಡ ಕಂಡ ಮಾತ್ರಕ್ಕೆ, ಗುಂಡಿಟ್ಟು ಕೊಂದ ಸುದ್ದಿ ಬಂದಿತು. ನನ್ನಲ್ಲಿ ಭಯ ಹೊಕ್ಕಿತು. ಕಾರಿಗೆ ಧ್ವಜ ಸಿಕ್ಕಿಸಿದೆ. ಒಂದು ಸಂಜೆ ಆ ಮನೆಯ ತಾಯಿ ಎದುರಾಗಿ ಮಾತಿಗೆ ನಿಂತಾಗ, ಕೈಯಲ್ಲಿದ್ದ ಅಂಚೆಯ ಕಾಗದಗಳನ್ನು ಓದುವವನಂತೆ ತಲೆ ತಗ್ಗಿಸಿ ಒಳಗೆ ನಡೆದುಬಿಟ್ಟೆ. ಮರುವರ್ಷ ಅವರು ಊರು ಬಿಟ್ಟರು.

ಆ ದುರಂತದ ಬಗ್ಗೆ ಹಾಲಿವುಡ್ಡಿನ ದೊಡ್ಡ ಚಿತ್ರಗಳಾದ 'ಯುನೈಟೆಡ್ 93' ಮತ್ತು 'ವರ್ಲ್ಡ್ ಟ್ರೇಡ್ ಸೆಂಟರ್' ತೆರೆಗೆ ಬಂದದ್ದು 2006ರಲ್ಲಿ. ಕಿರುಚಿತ್ರಗಳು ಅಷ್ಟು ಕಾಲ ಕಾಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜೇ ರೋಸೆನ್‌ಬ್ಲಾಟ್ ಮತ್ತು ಕಾವೇ ಝಹೇದಿ ಸ್ವತಂತ್ರ ನಿರ್ದೇಶಕರ ಕಿರುಚಿತ್ರಗಳನ್ನು ಒಟ್ಟುಗೂಡಿಸಿ 2002ರಲ್ಲಿ 'ಅಂಡರ್‌ಗ್ರೌಂಡ್ ಝೀರೋ' ಎಂಬ ಸಂಕಲನವನ್ನು ಹೊರತಂದರು. ಅದೇ ವರ್ಷ ಫ್ರಾನ್ಸಿನ ನಿರ್ಮಾಪಕ ಅಲ್ಯಾಂ ಬ್ರಿಗಾಂ ಹನ್ನೊಂದು ದೇಶಗಳ ಹನ್ನೊಂದು ನಿರ್ದೇಶಕರಿಗೆ ಹನ್ನೊಂದು ನಿಮಿಷ, ಒಂಬತ್ತು ಸೆಕೆಂಡು, ಒಂದು ಫ್ರೇಮಿನ ಅವಧಿಯನ್ನು ಕೊಟ್ಟು ಮತ್ತೊಂದು ಚಿತ್ರಮಾಲೆಯನ್ನು ಹೆಣೆದರು. ಸಮೀರಾ ಮಖ್ಮಲ್‌ಬಾಫ್ ಅವರ ಭಾಗದಲ್ಲಿ, ಇರಾನಿನ ಇಟ್ಟಿಗೆ ಗೂಡಿನ ಬಳಿಯ ಆಫ್ಘನ್ ನಿರಾಶ್ರಿತ ಮಕ್ಕಳಿಗೆ ಗೋಪುರವೆಂದರೇನೆಂದು ತಿಳಿಸಲು ಉಪಾಧ್ಯಾಯಿನಿ ಗೂಡಿನ ಚಿಮಣಿಯನ್ನು ತೋರಿಸುತ್ತಾಳೆ. ಕೆನ್ ಲೋಚ್ ಚಿಲಿ ದೇಶದ 1973ರ ಸೆಪ್ಟೆಂಬರ್ 11ನ್ನು ನೆನಪಿಸುತ್ತಾರೆ.

ಕೆಲವು ವರ್ಷಗಳ ಬಳಿಕ ಮಿತ್ರರೊಬ್ಬರ ಮನೆಯಲ್ಲಿ ಈ ಮಾಲೆಯನ್ನು ನೋಡಿದೆ. ಭಾರತದ ಪರವಾಗಿ ಮೀರಾ ನಾಯರ್ ಆರಿಸಿಕೊಂಡದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಪಾಕಿಸ್ತಾನಿ ಮೂಲದ ತಾಯಿಯೊಬ್ಬಳ ನಿಜಕಥೆಯನ್ನು. ಮಗ ಸಲ್ಮಾನ್ ಹಮ್ದಾನಿ ಇಪ್ಪತ್ಮೂರರ ತರುಣ, ತುರ್ತು ವೈದ್ಯಕೀಯ ತರಬೇತಿ ಪಡೆದವನು. ಅಂದು ಮನೆಗೆ ಮರಳಲಿಲ್ಲ. ಜನ ಅವನನ್ನೇ ಶಂಕಿಸಿದರು. 2002ರ ಮಾರ್ಚಿನಲ್ಲಿ ಅವನ ಅವಶೇಷಗಳು ಗುರುತಿಗೆ ಸಿಕ್ಕ ಸುದ್ದಿ ತಾಯಿಗೆ ತಲುಪಿತು. ಅವನು ಇತರರನ್ನು ಉಳಿಸಲು ಹೋಗಿ ಮಡಿದಿದ್ದ. ತಾಯಿಯಾಗಿ ನಟಿಸಿದ ತನ್ವಿ ಆಜ್ಮಿಯವರ ಮುಖ ತೆರೆಯ ಮೇಲೆ ಬಂದಾಗ ನನಗೆ ಕಂಡದ್ದು ಎದುರು ಮನೆಯ ಆ ತಾಯಿಯ ಮುಖ. ಅಂದು ನಾನು ತಲೆಯೆತ್ತಿ ನೋಡದೆ ಹೋದ ಮುಖ.

ಟಿ.ವಿ. ನನಗೆ ಗೋಪುರಗಳನ್ನು ತೋರಿಸಿತ್ತು. ಈ ಪುಟ್ಟ ಚಿತ್ರ ನನ್ನನ್ನೇ ನನಗೆ ತೋರಿಸಿತು. ಕಿರುಚಿತ್ರಕ್ಕೆ ಇಡೀ ರಾಷ್ಟ್ರದ ಶೋಕವನ್ನು ಹೊರುವ ಹೆಗಲಿಲ್ಲ. ಒಂದು ಮನೆಯ ಬಾಗಿಲನ್ನು ತಟ್ಟುವ ಕೈ ಮಾತ್ರ ಅದಕ್ಕಿದೆ, ಅಷ್ಟು ಸಾಕು.

ಸಮ್ಮೇಳನದಲ್ಲಿ ನೆರೆದಿರುವ ನಮ್ಮ ಮಕ್ಕಳ ಜೇಬಿನಲ್ಲಿ ಇಂದು ಫೋನಿನ ಜೊತೆಗೇ ಕ್ಯಾಮೆರಾ ಇದೆ. ನಮ್ಮ ಹಾಡು ಕುಣಿತಗಳನ್ನು ಅವರು ಅವಶ್ಯ ಚಿತ್ರಿಸಲಿ. ಎಂದಾದರೊಂದು ದಿನ ಊರಿಗೆ ಕೇಡು ಬಂದಾಗ, ಎಲ್ಲರೂ ನೋಡುತ್ತಿರುವ ಕಡೆಯಿಂದ ಕ್ಯಾಮೆರಾವನ್ನು ತುಸು ತಿರುಗಿಸಿ, ಯಾರೂ ಮಾತನಾಡಿಸದೆ ನಿಂತವರ ಕಡೆಗೆ ಹಿಡಿಯಲಿ. ಅದಕ್ಕೂ ಮೊದಲು, ಹೋಗಿ ಅವರನ್ನು ಮಾತನಾಡಿಸಲಿ. ನಾನು ಅದನ್ನು ಮಾಡಲಿಲ್ಲ.