ಫಲವಿಲ್ಲದ ಬಳ್ಳಿ

ನಾನು ಮನೆಯ ಹಿತ್ತಿಲಲ್ಲಿ ಕಿವಿಯನ್ನು ಬೆಳೆಯುತ್ತಿರುವೆನೆಂದು ಮೊದಲ ಸಲ ತಿಳಿಸಿದಾಗ ಮೈಸೂರಿನ ಅಕ್ಕನು, “ದೇವರು ಕೊಟ್ಟ ಎರಡು ನಿನಗೆ ಸಾಲದಾದುವೇನೋ? ಅವನ್ನೇ ನೀನು ನೆಟ್ಟಗೆ ಉಪಯೋಗಿಸಿದವನಲ್ಲ” ಎಂದು ನಕ್ಕಳು. ವಿನೋದಕ್ಕಾಗಿ ಆಡಿದ ಆ ಮಾತಿನಲ್ಲಿದ್ದ ನಿಜವು ನನಗೆ ತಿಳಿದದ್ದು ಬಹಳ ತಡವಾಗಿ.

ಉಪಾಧ್ಯಾಯ ವೃತ್ತಿಯ ನಿಮಿತ್ತ ಹಿಮಾಚಲ ಪ್ರದೇಶದ ಸೋಲನ್ನಿಗೆ ಬಂದು, ವಿಶ್ರಾಂತಿ ಪಡೆದ ಬಳಿಕವೂ ಇಲ್ಲಿಯೇ ಉಳಿದವನು ನಾನು. ಈ ಬಳ್ಳಿಯ ಮೇಲೆ ನನಗೆ ಹುಟ್ಟಿದ ಮಮತೆಗೆ ಒಂದು ಕಾರಣವುಂಟು. ಇದೂ ನನ್ನಂತೆಯೇ ನಮ್ಮ ಕಡೆಯಿಂದ ಬೆಟ್ಟವನ್ನು ಹತ್ತಿ ಬಂದುದು. ಇದರ ತವರು ಚೀನಾ ದೇಶ. 1904ರಲ್ಲಿ ಇಸಬೆಲ್ ಫ್ರೇಜರ್ ಎಂಬ ಶಾಲಾ ಮುಖ್ಯೋಪಾಧ್ಯಾಯಿನಿಯು ಅಲ್ಲಿಂದ ಇದರ ಬೀಜಗಳನ್ನು ನ್ಯೂಜಿಲೆಂಡಿಗೆ ಒಯ್ದಳು. 1910ರ ಹೊತ್ತಿಗೆ ಅಲ್ಲಿ ಹಣ್ಣಾಯಿತು. ಆ ದೇಶದ ಕಿವಿ ಪಕ್ಷಿಯ ಹೆಸರು ಹಣ್ಣಿಗೆ ಅಂಟಿದುದು 1959ರಲ್ಲಿ, ವ್ಯಾಪಾರದ ಅನುಕೂಲಕ್ಕಾಗಿ. ಭಾರತದಲ್ಲಿ ಇದನ್ನು ಮೊದಲು ನೆಟ್ಟುದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, 1960ರ ಸುಮಾರಿಗೆ. ಅಲ್ಲಿ ಚಳಿ ಸಾಲದೆ ಅದು ಫಲಿಸಲಿಲ್ಲ. 1963ರಲ್ಲಿ ಸಿಮ್ಲಾದ ಫಾಗಲಿಯಲ್ಲಿ ನೆಟ್ಟ ಬಳ್ಳಿಗಳು 1969ರಲ್ಲಿ ಕಾಯಿ ಬಿಟ್ಟುವು.

ನಾನು ಸಸ್ಯಾಗಾರದಿಂದ ಐದು ಕಸಿಯ ಸಸಿಗಳನ್ನು ತಂದು, ಒಂದೊಂದರ ನಡುವೆ ಹದಿನೈದು ಅಡಿ ಬಿಟ್ಟು ನೆಟ್ಟೆನು. ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ತಲೆಯೆತ್ತರದಲ್ಲಿ ತಂತಿಗಳನ್ನೆಳೆದು ಚಪ್ಪರ ಹಾಕಿಸಿದೆನು. ಸಸಿಗಳ ಕೊರಳಿಗೆ ಕಟ್ಟಿದ್ದ ಚೀಟಿಗಳು ಮೊದಲ ಮಳೆಗಾಲದಲ್ಲಿಯೇ ಕಳೆದುಹೋದುವು. ಆಚೆಮನೆಯ ವೃದ್ಧೆ, ಹುಟ್ಟಿದಂದಿನಿಂದ ಬೆಟ್ಟದ ಬೇಸಾಯವನ್ನೇ ಕಂಡವರು, ಬೇಲಿಯಾಚೆಯಿಂದ ಏನೋ ಹೇಳಿದರು. “ಆಗಲಿ, ಅಮ್ಮಾಜಿ” ಎಂದೆನೇ ಹೊರತು ಕಿವಿಗೊಡಲಿಲ್ಲ.

ನಾಲ್ಕನೆಯ ವರ್ಷ ಮೇ ತಿಂಗಳಲ್ಲಿ ಎಲ್ಲವೂ ಹೂತುವು. ನಾಲ್ಕು ಬಳ್ಳಿಗಳಲ್ಲಿ ಕಾಯಿ ಕಚ್ಚಿತು. ಐದನೆಯದರಲ್ಲಿ ಒಂದೂ ಇಲ್ಲ. ಆದರೆ ಐದರಲ್ಲಿ ಅದೇ ಎಲ್ಲಕ್ಕಿಂತ ಪುಷ್ಟವಾದುದು. ಚಪ್ಪರದ ಮೂರರಲ್ಲೊಂದು ಪಾಲನ್ನು ಅದೊಂದೇ ಆಕ್ರಮಿಸಿತ್ತು. “ಉಣ್ಣುವುದಕ್ಕುಂಟು, ಕೊಡುವುದಕ್ಕಿಲ್ಲ” ಎಂದು ನಾನು ಹೆಂಡತಿಯೊಡನೆ ಅಂದೆನು. ಜನವರಿಯಲ್ಲಿ, ಕತ್ತರಿಸುವ ಕಾಲ ಬಂದಾಗ, ಆಳನ್ನು ಕರೆಸಿ ಅದನ್ನು ಬುಡಸಹಿತ ಅಗೆಸಿ ಹಾಕಿದೆನು.

ಮರುವರ್ಷ ಉಳಿದ ನಾಲ್ಕು ಬಳ್ಳಿಗಳು ಹಿಂದೆಂದೂ ಇಲ್ಲದಷ್ಟು ಹೂತುವು. ಬಿಳಿಯ ಹೂಗಳು ಎರಡು ದಿನಗಳಲ್ಲಿ ಹಳದಿಗೆ ತಿರುಗಿ, ಎಸಳು ಉದುರಿ, ತೊಟ್ಟುಸಹಿತ ಕೆಳಗೆ ಬಿದ್ದುವು. ನಾನು ನೆಲವನ್ನು ನೋಡುತ್ತ ನಿಂತಿದ್ದೆನು. ಬೇಲಿಯಾಚೆಯಿಂದ ಅಮ್ಮಾಜಿ ಕೇಳಿದರು: “ಮಾಸ್ಟರ್‌ಜಿ, ನಿಮ್ಮ ಗಂಡುಬಳ್ಳಿಯೆಲ್ಲಿ?”

ಕಿವಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣುಹೂವಿನ ನಡುವೆ ಬಿಳಿಯ ಎಳೆಗಳು ಚಕ್ರದ ಅರೆಕಾಲುಗಳಂತೆ ಹರಡಿರುವುವು. ಗಂಡುಹೂವಿನಲ್ಲಿ ಹಳದಿಯ ಕೇಸರಗಳು ಮಾತ್ರ. ಆರೆಂಟು ಹೆಣ್ಣುಬಳ್ಳಿಗಳಿಗೆ ಒಂದು ಗಂಡು ಸಾಕು. ಆದರೆ ಆ ಒಂದು ಬೇಕೇ ಬೇಕು. ನ್ಯೂಜಿಲೆಂಡಿನ ತೋಟಗಳ ಕಥೆಯೂ ಎರಡು ಹೆಣ್ಣು, ಒಂದು ಗಂಡು ಬಳ್ಳಿಗಳಿಂದ ಮೊದಲಾದುದೆಂದು ಮುಂದೆ ಓದಿ ತಿಳಿದೆನು. ಆ ಮೂರರಲ್ಲಿ ಒಂದನ್ನು ನನ್ನಂಥವನೊಬ್ಬನು ಕಡಿದಿದ್ದರೆ!

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೆನಪಿಗೆ ಬಂದವರು ನಮ್ಮ ಚಿಕ್ಕಪ್ಪ. ಅವರು ಮದುವೆಯಾದವರಲ್ಲ, ಸಂಪಾದನೆಯನ್ನೂ ಕಂಡವರಲ್ಲ. ಅಜ್ಜಿಗೆ ಹೊತ್ತುಹೊತ್ತಿಗೆ ಔಷಧ ಕೊಡುವುದು, ನಮ್ಮನ್ನು ಶಾಲೆಗೆ ಕರೆದೊಯ್ಯುವುದು, ತಂದೆಗೂ ದೊಡ್ಡಪ್ಪನಿಗೂ ಮಾತು ಬೆಳೆದಾಗ ನಡುವೆ ಕುಳಿತು ಇಬ್ಬರನ್ನೂ ನಗಿಸುವುದು, ಇದೇ ಅವರ ಉದ್ಯೋಗ. ಮನೆ ಪಾಲಾಗುವ ಮಾತು ಬಂದಾಗ, ಆಗತಾನೆ ಸಂಬಳ ಕಾಣತೊಡಗಿದ್ದ ನಾನು, “ದುಡಿಯದವರ ಹೊರೆಯನ್ನು ಯಾರು ಹೊರುವರು?” ಎಂದು ಕೇಳಿದೆನು. ಚಿಕ್ಕಪ್ಪ ಅಲ್ಲಿಯೇ ಕುಳಿತಿದ್ದರು. ಮರುವಾರ ಒಂದು ಚೀಲದೊಡನೆ ದೂರದ ಬಂಧುಗಳ ಊರಿಗೆ ಹೊರಟರು. ಅಕ್ಕ ಆಗ ನನಗೆ ಬುದ್ಧಿ ಹೇಳಿದಳು. ಅದಕ್ಕೂ ನಾನು ಕಿವಿಗೊಡಲಿಲ್ಲ. ಬಳಿಕ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದನ್ನು ನಾನು ಕಾಣೆ. ಚಿಕ್ಕಪ್ಪ ಆ ಊರಿನಲ್ಲಿಯೇ ತೀರಿಕೊಂಡರು.

ಬಳ್ಳಿಯ ವಿಷಯದಲ್ಲಿ ಮಾಡಿದ ತಪ್ಪಿಗೆ ಪರಿಹಾರವಿತ್ತು. ಗಂಡುಸಸಿಯೊಂದನ್ನು ತಂದು ನೆಟ್ಟೆನು. ಅದು ಹೂ ಬಿಡುವವರೆಗೆ ಪ್ರತಿ ಮೇ ತಿಂಗಳಲ್ಲಿಯೂ ಅಮ್ಮಾಜಿಯ ಬೇಲಿಯ ಬಳಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದೆನು. ಅವರು ಆಗತಾನೆ ಅರಳಿದ ಗಂಡುಹೂಗಳನ್ನು ಕೊಯ್ದುಕೊಡುವರು. ಒಂದೊಂದರಿಂದ ಐದಾರು ಹೆಣ್ಣುಹೂಗಳನ್ನು ಮೃದುವಾಗಿ ಸವರುವುದು ನನ್ನ ಬೆಳಗಿನ ಕೆಲಸ. ಕಿವಿಯ ಹೂವಿನಲ್ಲಿ ಮಕರಂದವಿಲ್ಲದಿರುವುದರಿಂದ ಜೇನುಹುಳುಗಳಿಗೂ ಅದರಲ್ಲಿ ಅಷ್ಟು ಆದರವಿಲ್ಲ.

ಇದರಿಂದ ನಾನು ಕತ್ತರಿಯನ್ನೇ ಬಿಟ್ಟೆನೆಂದು ವಾಚಕರು ತಿಳಿಯಬಾರದು. ಕತ್ತರಿಸದ ಕಿವಿಬಳ್ಳಿಯು ಎರಡು ವರ್ಷಗಳಲ್ಲಿ ಪೊದೆಯಾಗಿ, ಬೆಳಕಿಲ್ಲದೆ ಕಾಯಿ ಗೋಲಿಯಷ್ಟಕ್ಕೆ ನಿಲ್ಲುವುದು. ಕಳೆದ ವರ್ಷದ ಕಡ್ಡಿಯಲ್ಲಿ ಈ ವರ್ಷ ಒಡೆದ ಚಿಗುರಿನಲ್ಲಿಯೇ ಫಲ. ಕಾಯಿ ಬಿಟ್ಟ ಗಿಣ್ಣು ಮತ್ತೆ ಚಿಗುರುವುದಿಲ್ಲ. ಆದುದರಿಂದ ಚಳಿಗಾಲದಲ್ಲಿ ಎಲೆಯುದುರಿದ ಮೇಲೆ, ಕಾಯಿಬಿಟ್ಟ ಕಡ್ಡಿಯಲ್ಲಿ ಕೊನೆಯ ಕಾಯಿಯಿಂದಾಚೆಗೆ ಕೆಲವು ಮೊಗ್ಗುಗಳನ್ನುಳಿಸಿ ಕತ್ತರಿಸಬೇಕು. ಮೂರು ವರ್ಷದ ಹಳೆಯ ಕೊಂಬೆಯನ್ನು ತೆಗೆದು ಹೊಸದಕ್ಕೆ ಎಡೆಮಾಡಿಕೊಡಬೇಕು. ವಸಂತದವರೆಗೆ ತಡಮಾಡಿದರೆ ಗಾಯದಿಂದ ದಿನಗಟ್ಟಲೆ ನೀರು ಸುರಿಯುವುದು. ಗಂಡುಬಳ್ಳಿಗೆ ಮಾತ್ರ ಹೂವಿನ ಕೆಲಸ ಮುಗಿದ ಮೇಲೆ, ಬೇಸಗೆಯಲ್ಲಿ ಕತ್ತರಿ.

ನವೆಂಬರಿನಲ್ಲಿ ಕಾಯಿಗಳನ್ನು ಕಲ್ಲಿನಂತಿರುವಾಗಲೇ ಕೊಯ್ದು, ಒಂದೆರಡು ಸೇಬುಗಳೊಡನೆ ಪೆಟ್ಟಿಗೆಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಮೆತ್ತಗಾಗುವುವು. ಕಳೆದ ವರ್ಷ ಮೊದಲ ಪೆಟ್ಟಿಗೆಯನ್ನು ಅಮ್ಮಾಜಿಗೂ ಎರಡನೆಯದನ್ನು ಅಕ್ಕನಿಗೂ ಕೊಟ್ಟೆನು. ಅಕ್ಕ ಹಣ್ಣನ್ನು ತಿಂದು, “ಹುಳಿ ಸ್ವಲ್ಪ ಹೆಚ್ಚು, ಚಿಕ್ಕಪ್ಪನಿಗೆ ಹಿಡಿಸುತ್ತಿತ್ತು” ಎಂದಳು. ನಾನು ಏನನ್ನೂ ಹೇಳಲಾರದೆ ಹೋದೆನು.

ಈಗ ಮತ್ತೆ ಜನವರಿ ಬಂದಿದೆ. ಕತ್ತರಿಗೆ ಸಾಣೆ ಹಿಡಿಸಿ ತಂದಿದ್ದೇನೆ. ನಾಳೆ ಬೆಳಗ್ಗೆ ಕೆಲಸಕ್ಕೆ ತೊಡಗುವ ಮೊದಲು, ಆಚೆಮನೆಯವರನ್ನು ಒಮ್ಮೆ ಚಪ್ಪರದ ಕೆಳಗೆ ಕರೆದು ತಂದು ಕೇಳಬೇಕೆಂದಿದ್ದೇನೆ.