ಪಾಸ್ಟರ್ ಊರಲ್ಲಿಲ್ಲದ ಭಾನುವಾರ

ಸಭೆ ಗಟ್ಟಿಯಾಗಿದೆಯಾ ಅಂತ ತಿಳಿಯೋಕೆ ಒಂದೇ ಪ್ರಶ್ನೆ ಸಾಕು: ಪಾಸ್ಟರ್ ಎರಡು ತಿಂಗಳು ಊರಲ್ಲಿಲ್ಲದಿದ್ದರೆ ಏನಾಗುತ್ತೆ?

ಅಂತಿಯೋಕ್ಯದ ಸಭೆ ನೋಡಿ. ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ಶುರುವಾಗೋದೇ ಅಲ್ಲಿನ ಐದು ಮುಂದಾಳುಗಳ ಹೆಸರುಗಳಿಂದ: ಬಾರ್ನಬ, ನೀಗರನೆನಿಸಿಕೊಂಡ ಸಿಮೆಯೋನ, ಕುರೇನ್ಯದ ಲೂಕ್ಯ, ಹೆರೋದನ ಜೊತೆ ಬೆಳೆದ ಮೆನಹೇನ, ಸೌಲ. ಒಬ್ಬೊಬ್ಬರದು ಒಂದೊಂದು ಹಿನ್ನೆಲೆ. ಮುಂದೆ ತನಗಿಂತ ದೊಡ್ಡ ಹೆಸರು ಮಾಡಿದ ಸೌಲನನ್ನು ತಾರ್ಸಕ್ಕೆ ಹೋಗಿ ಹುಡುಕಿ ಕರೆತಂದವನೇ ಬಾರ್ನಬ. ಅವರಿಬ್ಬರನ್ನೂ ದೂರದ ಸೇವೆಗೆ ಕಳಿಸಿಕೊಟ್ಟರೂ ಸಭೆ ಮುರಿದುಬೀಳಲಿಲ್ಲ. ಮರಳಿ ಬಂದಾಗ ವರದಿ ಕೇಳೋಕೆ ಸೇರಿತ್ತು. ಮರಳುವ ದಾರಿಯಲ್ಲಿ ಆ ಇಬ್ಬರು ಸಭೆಸಭೆಗೆ ನೇಮಿಸಿದ್ದೂ 'ಹಿರಿಯರನ್ನು', ಒಬ್ಬ ಹಿರಿಯನನ್ನಲ್ಲ.

ಹೀಗೆ ಹೊಣೆ ಹಂಚಿಕೊಂಡು ನಾಲ್ಕು ಜನ ಕೂತರೆ ಮೀಟಿಂಗ್ ಉದ್ದವಾಗುತ್ತೆ, ತೀರ್ಮಾನ ತಡವಾಗುತ್ತೆ, ನಿಜ. ಆದರೆ ಪ್ರಸಂಗ, ಆಸ್ಪತ್ರೆ ಭೇಟಿ, ಗಂಡ-ಹೆಂಡಿರ ಜಗಳ, ಕಾಣಿಕೆ ಲೆಕ್ಕ ಎಲ್ಲವೂ ಒಬ್ಬರ ತಲೆಮೇಲೆ ಬಿದ್ದರೆ ಆ ಮನುಷ್ಯ ಎಷ್ಟು ದಿನ ತಡೆದಾನು? ಅದಕ್ಕಿಂತ ಮುಖ್ಯ, "ಪಾಸ್ಟರೇ, ಇದು ಸರಿ ಕಾಣ್ತಿಲ್ಲ" ಅಂತ ಪಕ್ಕದಲ್ಲೇ ಕೂತು ಹೇಳೋ ಹಕ್ಕು ಯಾರಿಗಿರುತ್ತೆ? ಹೇಳುವವರಿಲ್ಲದಿದ್ದರೆ ಮೊದಲ ಅಪಾಯ ಪಾಸ್ಟರಿಗೇ.